ಪುನರುಜ್ಜೀವನ ಕಾಲದ ಯುರೋಪಿನ ಧಾರ್ಮಿಕ ಚಿತ್ರಕಲೆ: ಲಿಖಿತ ಸಾಕ್ಷ್ಯಗಳ ಬೆಳಕಿನಲ್ಲಿ

ಇಟಲಿ ದೇಶದ ಫ್ಲಾರೆನ್ಸ್ ನಗರದ ಲಾರೆನ್ಶಿಯನ್ ಗ್ರಂಥಭಂಡಾರದಲ್ಲಿ ಚಿತ್ರಕಲೆಯ ವಿಧಿವಿಧಾನಗಳನ್ನು ಕುರಿತ ಒಂದು ಹಸ್ತಪ್ರತಿಯಿದೆ. ಗ್ರಂಥದ ಕರ್ತೃ ಚೆನ್ನೀನೊ ಚೆನ್ನೀನಿ ಎಂಬ ಚಿತ್ರಕಾರ. ಪ್ರತಿಯ ಅಂತ್ಯವಾಕ್ಯದಲ್ಲಿ 1437ನೆಯ ಇಸವಿ ಜುಲೈ 31 ಎಂಬ ತೇದಿಯೂ ಸ್ಟಿಂಕೆ ಎಂಬ ಫ್ಲಾರೆನ್ಸಿನ ಸೆರೆಮನೆಯ ಹೆಸರೂ ಕಾಣಬರುತ್ತವೆ. 1821ರಲ್ಲಿ ತಂಬ್ರೋನಿ ಎಂಬ ವಿದ್ವಾಂಸರು ವ್ಯಾಟಿಕನ್ನಿನಲ್ಲಿದ್ದ ಒಂದು ಅರ್ವಾಚೀನ ಪ್ರತಿಯನ್ನು ಆಧರಿಸಿ ಈ ಗ್ರಂಥವನ್ನು ಮೊದಲ ಬಾರಿಗೆ ಅಚ್ಚು ಹಾಕಿಸಿದರು. ಸಾಲದಲ್ಲಿ ಮುಳುಗಿದ ವೃದ್ಧ ಚಿತ್ರಕಾರನೊಬ್ಬನು ಕಾರಾಗೃಹದಲ್ಲಿ ಕುಳಿತು ತನ್ನ ವಿದ್ಯೆಯನ್ನು ಬರೆದಿಟ್ಟನೆಂಬ ಕರುಣಕಥೆಯೊಂದು ಈ ಅಂತ್ಯವಾಕ್ಯದಿಂದ ಹುಟ್ಟಿಕೊಂಡಿತು. ಮುಂದೆ ಪ್ರತಿಗಳನ್ನು ಹೋಲಿಸಿ ನೋಡಿದವರಿಗೆ ಬೇರೆಯೇ ಸಂಗತಿ ಗೋಚರಿಸಿತು. ಸೆರೆಮನೆಯಲ್ಲಿದ್ದವನು ಗ್ರಂಥಕರ್ತನಲ್ಲ, ಗ್ರಂಥವನ್ನು ನಕಲು ಮಾಡಿದ ಲಿಪಿಕಾರ. 1437 ಎಂಬುದು ರಚನೆಯ ಕಾಲವಲ್ಲ, ಪ್ರತಿಯ ಕಾಲ. ಗ್ರಂಥವು ಸುಮಾರು 1400ರ ಆಸುಪಾಸಿನದೆಂಬುದು ಇಂದು ಸಾಮಾನ್ಯವಾಗಿ ಒಪ್ಪಿತವಾಗಿರುವ ಮತ.

ಲಿಪಿಕಾರನ ಮಾತನ್ನು ಕವಿಯ ಮಾತೆಂದು ಭ್ರಮಿಸುವ ಪ್ರಮಾದವು ಹಸ್ತಪ್ರತಿಗಳೊಡನೆ ಬಾಳಿದವರಿಗೆ ಹೊಸತಲ್ಲ. ಯುರೋಪಿನ ಧಾರ್ಮಿಕ ಚಿತ್ರಕಲೆಯ ಇತಿಹಾಸದಲ್ಲಿ ಇಂತಹ ಪ್ರಮಾದಗಳು ಅನೇಕ. 14ನೆಯ ಶತಮಾನದ ಆದಿಯಿಂದ 16ನೆಯ ಶತಮಾನದ ಮಧ್ಯಭಾಗದವರೆಗೆ ನಡೆದ ಪರಿವರ್ತನೆಯನ್ನು ಕೆಲವರು ಅಜ್ಞಾನದಿಂದ ಜ್ಞಾನದೆಡೆಗೆ ಏರಿದ ಮೆಟ್ಟಿಲೆಂದು ಹೊಗಳಿದರು. ಮತ್ತೆ ಕೆಲವರು ಭಕ್ತಿಯಿಂದ ಲೌಕಿಕಕ್ಕೆ ಜಾರಿದ ಪತನವೆಂದು ನಿಂದಿಸಿದರು. ಶಿಲ್ಪಗ್ರಂಥಗಳು, ಕರಾರುಪತ್ರಗಳು, ಚಿತ್ರಗಳ ಮೇಲಣ ಲಿಖಿತಗಳು ಇವುಗಳನ್ನು ಒಟ್ಟಿಗೆ ಪರಿಶೀಲಿಸಿದರೆ ಈ ಎರಡು ಮತಗಳೂ ನಿಲ್ಲುವುದಿಲ್ಲ. ಪವಿತ್ರವಾದುದಕ್ಕೆ ಸಲ್ಲಿಸಬೇಕಾದ ಕಾಣಿಕೆಯ ಸ್ವರೂಪವೇ ಅಂದು ಬದಲಾಯಿತು. ಮೊದಲು ಬಂಗಾರ ಮತ್ತು ನೀಲಿಯೆಂಬ ಅಮೂಲ್ಯ ದ್ರವ್ಯಗಳಲ್ಲಿದ್ದ ಬೆಲೆ ಕ್ರಮೇಣ ಕೈಯ ನೈಪುಣ್ಯಕ್ಕೂ ಕಣ್ಣಿನ ಪರೀಕ್ಷೆಗೂ ವರ್ಗಾವಣೆಯಾಯಿತು. ಈ ವರ್ಗಾವಣೆಯನ್ನು ಸಾಕ್ಷ್ಯಗಳ ಮೂಲಕ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಚೆನ್ನೀನಿಯ ಗುರುಪರಂಪರೆ ಮತ್ತು ಹಲಗೆಯ ಚಿತ್ರ

ಚೆನ್ನೀನಿಯು ಗ್ರಂಥಾರಂಭದಲ್ಲಿ ತನ್ನ ಗುರುಪರಂಪರೆಯನ್ನು ಹೇಳಿಕೊಂಡಿದ್ದಾನೆ. ಆತನು ಹನ್ನೆರಡು ವರ್ಷ ಆನ್ಯೊಲೊ ಗದ್ದಿಯ ಬಳಿ ಕಲಿತವನು. ಆನ್ಯೊಲೊ ತನ್ನ ತಂದೆ ತದ್ದೆಯೊ ಗದ್ದಿಯಲ್ಲಿ ಕಲಿತನು. ತದ್ದೆಯೊ ಇಪ್ಪತ್ತನಾಲ್ಕು ವರ್ಷ ಜೊತ್ತೊ ಎಂಬ ಮಹಾಚಿತ್ರಕಾರನ ಶಿಷ್ಯನಾಗಿದ್ದನು. ಜೊತ್ತೊ ಚಿತ್ರವಿದ್ಯೆಯನ್ನು ಗ್ರೀಕ್ ರೀತಿಯಿಂದ ಲ್ಯಾಟಿನ್ ರೀತಿಗೆ ತಿರುಗಿಸಿದನೆಂಬುದು ಚೆನ್ನೀನಿಯ ಅಭಿಪ್ರಾಯ. ಗ್ರೀಕ್ ರೀತಿಯೆಂದರೆ ಇಲ್ಲಿ ಕಾನ್‌ಸ್ಟಾಂಟಿನೋಪಲ್ ಮೂಲದ ಬೈಜಾಂಟಿಯನ್ ಸಂಪ್ರದಾಯವೆಂದು ತಿಳಿಯಬೇಕು.

ಪಾದುವ ನಗರದಲ್ಲಿ ಜೊತ್ತೊ ಚಿತ್ರಿಸಿದ ಸ್ಕ್ರೊವೆನ್ಯಿ ಪ್ರಾರ್ಥನಾಮಂದಿರವು 1305ರಲ್ಲಿ ಪ್ರತಿಷ್ಠಾಪನೆಗೊಂಡಿತು. ಅಲ್ಲಿಯ ಭಿತ್ತಿಗಳಲ್ಲಿ ಶರೀರಗಳಿಗೆ ಭಾರ ಬಂದಿದೆ. ದುಃಖಿಸುವವರ ಬೆನ್ನು ಬಾಗಿದೆ. ಕೆಲವರು ನೋಡುವವನಿಗೆ ಬೆನ್ನು ತಿರುಗಿಸಿ ಕುಳಿತಿದ್ದಾರೆ. ಹೀಗಿದ್ದರೂ ಪ್ರಭಾವಲಯಗಳನ್ನು ಗಾರೆಯಿಂದ ಉಬ್ಬಿಸಿ ಬಂಗಾರದಿಂದ ಮುಚ್ಚುವ ಹಳೆಯ ಪದ್ಧತಿಯನ್ನು ಆತನು ಬಿಡಲಿಲ್ಲ. ಆತನ ಮರಿಯಮ್ಮನ ಬೃಹತ್ ಫಲಕವೊಂದು ಫ್ಲಾರೆನ್ಸಿನ ಉಫೀತ್ಸಿ ಸಂಗ್ರಹಾಲಯದಲ್ಲಿದೆ. ಅದರ ಹಿನ್ನೆಲೆಯೂ ಬಂಗಾರದ್ದೇ. ದ್ರವ್ಯವು ಹಳೆಯದಾಗಿಯೇ ಉಳಿದು ಆಕೃತಿ ಹೊಸದಾದ ಸ್ಥಿತಿಯಿದು.

ಹಲಗೆಯ ಚಿತ್ರವನ್ನು ಸಿದ್ಧಪಡಿಸುವ ಕ್ರಮವನ್ನು ಚೆನ್ನೀನಿ ಸವಿಸ್ತಾರವಾಗಿ ವಿವರಿಸಿದ್ದಾನೆ. ಇಟಲಿಯಲ್ಲಿ ಸಾಮಾನ್ಯವಾಗಿ ಬಳಸುತ್ತಿದ್ದುದು ಪಾಪ್ಲರ್ ಮರ. ಹಲಗೆಗೆ ಚರ್ಮವನ್ನು ಬೇಯಿಸಿ ತೆಗೆದ ಅಂಟನ್ನು ಬಳಿದು, ನಾರುಬಟ್ಟೆಯ ತುಂಡುಗಳನ್ನು ಅಂಟಿಸಿ, ಅದರ ಮೇಲೆ ಜೆಸ್ಸೊ ಎಂಬ ಬಿಳಿಯ ಲೇಪವನ್ನು ಮೊದಲು ಒರಟಾಗಿಯೂ ಬಳಿಕ ನಯವಾಗಿಯೂ ಅನೇಕ ಪದರಗಳಲ್ಲಿ ಹಚ್ಚಬೇಕು. ಅದನ್ನು ದಂತದಂತೆ ನುಣುಪಾಗುವವರೆಗೆ ಕೆರೆಯಬೇಕು. ಬಂಗಾರ ಬರಬೇಕಾದ ಕಡೆ ಕೆಂಪು ಜೇಡಿಯನ್ನು ಬಳಿದು, ತೇವಗೊಳಿಸಿ, ರೇಕುಗಳನ್ನು ಒಂದೊಂದಾಗಿ ಇಟ್ಟು, ಕಲ್ಲಿನಿಂದಲೋ ಪ್ರಾಣಿಯ ಹಲ್ಲಿನಿಂದಲೋ ಉಜ್ಜಿ ಹೊಳಪು ತರಬೇಕು. ಅನಂತರ ಪ್ರಭಾವಲಯದ ರೇಖೆಗಳನ್ನು ಕೈವಾರದಿಂದ ಎಳೆದು, ಸಣ್ಣ ಉಳಿಗಳಿಂದ ಚುಕ್ಕಿಗಳನ್ನು ಒತ್ತಬೇಕು. ಮೇಣದ ಬತ್ತಿಗಳ ಬೆಳಕು ಆ ಚುಕ್ಕಿಗಳ ಮೇಲೆ ಬಿದ್ದು ಕದಲುವಾಗ ಚಿತ್ರವೇ ಬೆಳಕನ್ನು ಬೀರುವಂತೆ ತೋರುತ್ತಿತ್ತು. ಒಂದು ಡ್ಯೂಕಟ್ ನಾಣ್ಯದಿಂದ 145 ರೇಕುಗಳನ್ನು ತೆಗೆಯುವ ರೂಢಿಯಿದ್ದರೂ, ಸಮತಲದ ಹಿನ್ನೆಲೆಗೆ 100ಕ್ಕಿಂತ ಹೆಚ್ಚು ತೆಗೆಯದ ದಪ್ಪ ರೇಕೇ ಬೇಕೆಂದು ಚೆನ್ನೀನಿ ಎಚ್ಚರಿಸುತ್ತಾನೆ.

ಬಣ್ಣಗಳನ್ನು ಕಲಸುತ್ತಿದ್ದುದು ಮೊಟ್ಟೆಯ ಹಳದಿ ಭಾಗದಲ್ಲಿ. ಇದನ್ನೇ ಟೆಂಪೆರಾ ಎನ್ನುವರು. ತರುಣರ ಮುಖಕ್ಕೆ ಪಟ್ಟಣದ ಕೋಳಿಯ ಮಸುಕು ಹಳದಿ, ವೃದ್ಧರ ಮುಖಕ್ಕೆ ಹಳ್ಳಿಯ ಕೋಳಿಯ ಕೆಂಪು ಮಿಶ್ರಿತ ಹಳದಿ ಎಂಬಷ್ಟು ಸೂಕ್ಷ್ಮ ವಿಧಿ ಗ್ರಂಥದಲ್ಲಿದೆ. ಟೆಂಪೆರಾ ಬಹುಬೇಗ ಒಣಗುತ್ತದೆ. ಒಂದು ಛಾಯೆಯನ್ನು ಮತ್ತೊಂದರಲ್ಲಿ ಕರಗಿಸುವುದಕ್ಕೆ ಅವಕಾಶವಿಲ್ಲವಾದುದರಿಂದ ಚಿತ್ರಕಾರನು ಕೂದಲೆಳೆಯಷ್ಟು ತೆಳುವಾದ ಗೆರೆಗಳನ್ನು ಒಂದರ ಪಕ್ಕದಲ್ಲೊಂದು ಎಳೆದು ಉಬ್ಬುತಗ್ಗುಗಳನ್ನು ತೋರಿಸಬೇಕಾಗಿತ್ತು. ಮೈಬಣ್ಣದ ಕೆಳಗೆ ಹಸಿರು ಮಣ್ಣಿನ ಲೇಪ, ವಸ್ತ್ರಗಳಿಗೆ ಮೊದಲೇ ಕಲಸಿಟ್ಟ ಮೂರು ಛಾಯೆಗಳು ಎಂಬ ನಿಯಮವೂ ಇತ್ತು. ಈ ಶೈಲಿಯ ಸ್ಪಷ್ಟ ರೇಖೆ ಮತ್ತು ಸಮವಾದ ಬೆಳಕು ಕೇವಲ ಅಭಿರುಚಿಯ ಫಲವಲ್ಲ, ದ್ರವ್ಯದ ಗುಣದಿಂದಲೂ ಬಂದವು.

ಕಡಲಾಚೆಯ ನೀಲಿ

ಬಂಗಾರದಷ್ಟೇ ಗೌರವ ಪಡೆದ ಮತ್ತೊಂದು ದ್ರವ್ಯ ರಾಜಾವರ್ತದ ನೀಲಿ. ಅಲ್ಟ್ರಾಮರೀನ್ ಎಂಬ ಹೆಸರಿಗೆ ಕಡಲಾಚೆಯದು ಎಂದೇ ಅರ್ಥ. ರಾಜಾವರ್ತ ಶಿಲೆಯು ಇಂದಿನ ಆಫ್ಘಾನಿಸ್ಥಾನದ ಬದಖ್‌ಶಾನ್ ಪ್ರಾಂತದ ಗಣಿಗಳಿಂದ ಬರುತ್ತಿತ್ತು. ಶಿಲೆಯನ್ನು ಬರಿದೆ ಅರೆದರೆ ಬೂದುಬಣ್ಣದ ಪುಡಿ ದೊರೆಯುತ್ತದೆಯೇ ಹೊರತು ಶುದ್ಧ ನೀಲಿಯಲ್ಲ. ಪುಡಿಯನ್ನು ಮರದ ರಾಳ ಹಾಗೂ ಮೇಣದೊಡನೆ ಕಣಕದಂತೆ ನಾದಿ, ಕೆಲವು ದಿನ ಇಟ್ಟು, ಬೂದಿಯ ಕ್ಷಾರಜಲದಲ್ಲಿ ಹಿಸುಕಿದರೆ ನೀಲಿಯ ಕಣಗಳು ನೀರಿಗಿಳಿಯುತ್ತವೆ. ಕಲ್ಮಷ ಕಣಕದಲ್ಲಿಯೇ ಉಳಿಯುತ್ತದೆ. ಮೊದಲ ಹಿಸುಕಿನ ನೀಲಿಯೇ ಶ್ರೇಷ್ಠ. ಕೊನೆಯದು ಬೂದಿಗಿಂತ ತುಸು ಮೇಲು. ಈ ಕ್ರಮವನ್ನೂ ಚೆನ್ನೀನಿ ಬರೆದಿಟ್ಟಿದ್ದಾನೆ.

ಇದೇ ಶತಮಾನದಲ್ಲಿ ಇದೇ ನೀಲಿಯು ಪಶ್ಚಿಮ ಭಾರತದ ಜೈನ ಗ್ರಂಥಚಿತ್ರಗಳನ್ನೂ ಪ್ರವೇಶಿಸಿತು. ತಾಳೆಗರಿಯಿಂದ ಕಾಗದಕ್ಕೆ ಬಂದ ಮೇಲೆ, 15ನೆಯ ಶತಮಾನದ ಕಲ್ಪಸೂತ್ರ ಮತ್ತು ಕಾಲಕಾಚಾರ್ಯಕಥೆಯ ಶ್ರೀಮಂತ ಪ್ರತಿಗಳಲ್ಲಿ ಹಳೆಯ ಕೆಂಪು ಹಿನ್ನೆಲೆಯ ಜೊತೆಗೆ ರಾಜಾವರ್ತದ ನೀಲಿಯೂ ಬಂಗಾರವೂ ಧಾರಾಳವಾಗಿ ಕಾಣಿಸಿಕೊಂಡವು. ಜೌನ್‌ಪುರದಲ್ಲಿ 1465ರಲ್ಲಿ ಸಿದ್ಧವಾದ ಕಲ್ಪಸೂತ್ರದ ಪ್ರತಿಯ ಅಕ್ಷರಗಳೇ ಸ್ವರ್ಣಮಯ. ಒಂದು ಗಣಿಯ ಶಿಲೆ ಪೂರ್ವಕ್ಕೂ ಪಶ್ಚಿಮಕ್ಕೂ ಹೋಗಿ ಎರಡು ಧರ್ಮಗಳ ಶ್ರಾವಕವರ್ಗದ ದಾನಬುದ್ಧಿಗೆ ವಿಷಯವಾಯಿತು. ಆದರೆ ಅಲ್ಲಿಂದ ಮುಂದೆ ಹಾದಿಗಳು ಬೇರೆಯಾದವು. ಗುಜರಾತಿನ ಪ್ರತಿಗಳಲ್ಲಿ ಬಂಗಾರ ಮತ್ತು ನೀಲಿ ಶತಮಾನದ ಕೊನೆಯತ್ತ ಹೆಚ್ಚುತ್ತ ಹೋದರೆ, ಫ್ಲಾರೆನ್ಸಿನಲ್ಲಿ ಅವು ಕ್ರಮವಾಗಿ ಹಿಂದೆ ಸರಿದವು.

ಕರಾರುಪತ್ರಗಳ ಸಾಕ್ಷ್ಯ

ಈ ಹಿಂಸರಿಕೆಗೆ ಅತ್ಯಂತ ನಂಬಲರ್ಹವಾದ ಆಧಾರಗಳೆಂದರೆ ಚಿತ್ರ ಬರೆಯಿಸಿದವರಿಗೂ ಬರೆದವರಿಗೂ ನಡುವೆ ಆದ ಕರಾರುಪತ್ರಗಳು. ಡೊಮಿನಿಕನ್ ಸಂಘದ ಸನ್ಯಾಸಿಯಾಗಿದ್ದ ಫ್ರಾ ಆಂಜೆಲಿಕೊ 1433ರಲ್ಲಿ ಫ್ಲಾರೆನ್ಸಿನ ನಾರುಬಟ್ಟೆ ವರ್ತಕರ ಶ್ರೇಣಿಗೆ ಒಂದು ಬೃಹತ್ ಫಲಕವನ್ನು ಬರೆದುಕೊಡಲು ಒಪ್ಪಿದನು. ಒಳಗೂ ಹೊರಗೂ ದೊರೆಯಬಹುದಾದ ಅತ್ಯುತ್ತಮ ಬಂಗಾರ, ನೀಲಿ ಮತ್ತು ಬೆಳ್ಳಿಯನ್ನು ಬಳಸಬೇಕೆಂದು ಷರತ್ತು. ಪ್ರತಿಫಲ 190 ಫ್ಲಾರಿನ್. ಅಥವಾ ಸನ್ಯಾಸಿಯ ಆತ್ಮಸಾಕ್ಷಿ ಒಪ್ಪುವಂತೆ ಅದಕ್ಕಿಂತ ಕಡಮೆ.

ಹನ್ನೆರಡು ವರ್ಷಗಳ ತರುವಾಯ, 1445ರಲ್ಲಿ, ಸಾನ್‌ಸೆಪೊಲ್ಕ್ರೊ ಎಂಬ ಊರಿನ ಒಂದು ಧರ್ಮಬಾಂಧವರ ಕೂಟವು ಪಿಯೆರೊ ದೆಲ್ಲ ಫ್ರಾಂಚೆಸ್ಕನೊಡನೆ ಮಾಡಿಕೊಂಡ ಕರಾರಿನಲ್ಲಿ ಉತ್ತಮ ಬಂಗಾರ, ಉತ್ತಮ ನೀಲಿ ಎಂಬ ಹಳೆಯ ಷರತ್ತುಗಳಿವೆ. ಅವುಗಳ ಜೊತೆಗೆ ಮತ್ತೊಂದು ಷರತ್ತೂ ಸೇರಿದೆ: ಪಿಯೆರೊ ಹೊರತು ಬೇರೆ ಯಾವ ಚಿತ್ರಕಾರನೂ ಕುಂಚ ಹಿಡಿಯತಕ್ಕದ್ದಲ್ಲ. ಇಲ್ಲಿ ದ್ರವ್ಯ ಮತ್ತು ಕೈ ಎರಡನ್ನೂ ಕೊಳ್ಳಲಾಗಿದೆ. ಸಿದ್ಧವಾದ ಫಲಕದಲ್ಲಿಯೂ ಈ ದ್ವಂದ್ವ ಕಣ್ಣಿಗೆ ಕಾಣುತ್ತದೆ. ತನ್ನ ಮೇಲುಹೊದಿಕೆಯನ್ನು ಬಿಚ್ಚಿ ಭಕ್ತರನ್ನು ಆಶ್ರಯಿಸಿಕೊಂಡ ಮರಿಯಮ್ಮ ಕಂಬದಂತೆ ದುಂಡಗೆ, ಸ್ಥಿರವಾಗಿ ನಿಂತಿದ್ದಾಳೆ. ಆಕೆಯ ಹಿಂದೆ ಆಳವಿಲ್ಲದ ಬಂಗಾರದ ಗೋಡೆಯಿದೆ. ಮೂರು ವರ್ಷಗಳಲ್ಲಿ ಮುಗಿಯಬೇಕಾಗಿದ್ದ ಈ ಕೆಲಸಕ್ಕೆ ಒಂದೂವರೆ ದಶಕ ಹಿಡಿಯಿತು.

1485ರಲ್ಲಿ ಫ್ಲಾರೆನ್ಸಿನ ಅನಾಥಶಿಶುಗಳ ಆಶ್ರಮದ ಅಧಿಕಾರಿಯು ಗಿರ್ಲಾಂದಾಯೊ ಎಂಬ ಚಿತ್ರಕಾರನೊಡನೆ ಕರಾರು ಮಾಡಿಕೊಂಡನು. ಔನ್ಸಿಗೆ ಸುಮಾರು ನಾಲ್ಕು ಫ್ಲಾರಿನ್ ಬೆಲೆಯ ನೀಲಿಯನ್ನೇ ಬಳಸಬೇಕು. ಮೂವತ್ತು ತಿಂಗಳಲ್ಲಿ ಮುಗಿಸಬೇಕು. ಒಟ್ಟು ಬೆಲೆ 115 ಫ್ಲಾರಿನ್. ಲೆಕ್ಕ ಹಾಕಿದರೆ ಇಡೀ ಚಿತ್ರದ ಬೆಲೆ ಇಪ್ಪತ್ತೊಂಬತ್ತು ಔನ್ಸು ನೀಲಿಗೆ ಸಮ. ದ್ರವ್ಯದ ಗೌರವ ಎಷ್ಟಿತ್ತೆಂಬುದಕ್ಕೆ ಇದು ಅಳತೆಗೋಲು.

ಹೀಗೆ ದ್ರವ್ಯದ ಷರತ್ತು ಮುಂದುವರಿಯುತ್ತಿದ್ದಾಗಲೇ ಕೌಶಲದ ವಾದವೂ ಬಲಗೊಳ್ಳುತ್ತಿತ್ತು. 1435ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಚಿತ್ರಕಲೆಯನ್ನು ಕುರಿತು ಶಾಸ್ತ್ರಗ್ರಂಥ ರಚಿಸಿದ ಆಲ್ಬೆರ್ತಿಯು, ಬಂಗಾರವನ್ನು ತೋರಿಸಬೇಕಾದ ಕಡೆ ಬಂಗಾರವನ್ನು ಅಂಟಿಸುವುದಕ್ಕಿಂತ ಸಾಮಾನ್ಯ ಬಣ್ಣಗಳಿಂದ ಬಂಗಾರದ ಕಾಂತಿಯನ್ನು ಮೂಡಿಸುವವನೇ ಹೆಚ್ಚು ಪ್ರಶಂಸಾರ್ಹನೆಂದು ಪ್ರತಿಪಾದಿಸಿದನು. ಧರ್ಮಾಧಿಕಾರಿಗಳೂ ಈ ಮಾತಿಗೆ ವಿಮುಖರಾಗಿರಲಿಲ್ಲ. 1446ರಲ್ಲಿ ಫ್ಲಾರೆನ್ಸಿನ ಮಹಾಧರ್ಮಾಧ್ಯಕ್ಷನಾದ ಸಂತ ಆಂತೊನೀನೊ ತನ್ನ ನೀತಿಗ್ರಂಥದಲ್ಲಿ, ಚಿತ್ರಕಾರರು ಕೆಲಸದ ಪ್ರಮಾಣಕ್ಕೆ ಮಾತ್ರವಲ್ಲದೆ ತಮ್ಮ ನೈಪುಣ್ಯಕ್ಕೂ ತಕ್ಕ ಪ್ರತಿಫಲವನ್ನು ಕೇಳುವುದನ್ನು ನ್ಯಾಯವೆಂದೇ ಪರಿಗಣಿಸಿದ್ದಾನೆ. ಅದೇ ಗ್ರಂಥದಲ್ಲಿ ತ್ರಿಮುಖದ ಆಕೃತಿಯಿಂದ ಪವಿತ್ರ ತ್ರಿತ್ವವನ್ನು ತೋರಿಸುವಂತಹ ಶಾಸ್ತ್ರವಿರುದ್ಧ ಚಿತ್ರಗಳನ್ನು ಖಂಡಿಸಿರುವುದೂ ಉಂಟು. ಹೊಸ ನೈಪುಣ್ಯವು ಧರ್ಮದ ಹೊರಗೆ ಬೆಳೆಯಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಆಧಾರ ಬೇಕಿಲ್ಲ.

ಭಿತ್ತಿ, ರೇಖಾಗಣಿತ ಮತ್ತು ನೆರಳು

ಭಿತ್ತಿಚಿತ್ರದಲ್ಲಿ ಬದಲಾವಣೆ ಇನ್ನೂ ಬೇಗ ಕಾಣಿಸಿಕೊಂಡಿತು. ಫ್ರೆಸ್ಕೊ ಎಂಬ ಕ್ರಮದಲ್ಲಿ ಸುಣ್ಣದ ಹಸಿಗಾರೆಯ ಮೇಲೆ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚುತ್ತಾರೆ. ಗಾರೆ ಒಣಗುವಾಗ ಸುಣ್ಣವು ಗಾಳಿಯಿಂದ ಇಂಗಾಲಾಮ್ಲವನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಬಣ್ಣ ಅದರೊಳಗೆ ಸೆರೆಯಾಗುತ್ತದೆ. ಒಂದು ದಿನದಲ್ಲಿ ಬರೆಯಬಹುದಾದಷ್ಟು ಭಾಗಕ್ಕೆ ಮಾತ್ರ ಗಾರೆ ಮೆತ್ತಬೇಕು. ಈ ದಿನಗೆಲಸದ ಅಂಚುಗಳನ್ನು ಎಣಿಸಿ ಒಂದು ಭಿತ್ತಿಗೆ ಎಷ್ಟು ದಿನ ಹಿಡಿಯಿತೆಂಬುದನ್ನು ಇಂದಿಗೂ ನಿರ್ಣಯಿಸಬಹುದು. ಮೊದಲು ಒಳಪದರದ ಮೇಲೆಯೇ ಕೆಂಪು ಮಣ್ಣಿನಿಂದ ಚಿತ್ರದ ಆಕಾರವನ್ನು ಬರೆದುಕೊಳ್ಳುತ್ತಿದ್ದರು. 15ನೆಯ ಶತಮಾನದಲ್ಲಿ ಪೂರ್ಣಪ್ರಮಾಣದ ಕಾಗದದ ನಕ್ಷೆಗೆ ರಂಧ್ರ ಚುಚ್ಚಿ, ಇದ್ದಲಪುಡಿ ತಟ್ಟಿ, ಆಕೃತಿಯನ್ನು ಗೋಡೆಗೆ ಇಳಿಸುವ ಕ್ರಮ ಬಳಕೆಗೆ ಬಂದಿತು.

ಫ್ಲಾರೆನ್ಸಿನ ಸಾಂತ ಮರಿಯ ನೊವೆಲ್ಲ ದೇವಾಲಯದಲ್ಲಿ ಮಸಾಚ್ಚೊ ಸುಮಾರು 1427ರಲ್ಲಿ ಬರೆದ ಪವಿತ್ರ ತ್ರಿತ್ವದ ಚಿತ್ರ ಈ ಯುಗದ ಸಂಧಿಸ್ಥಾನದಲ್ಲಿದೆ. ಅಲ್ಲಿ ಬಂಗಾರದ ಗೋಡೆಯ ಬದಲು ಕಮಾನಿನ ಮಂಟಪವೊಂದು ಗೋಡೆಯನ್ನು ಕೊರೆದು ಒಳಕ್ಕೆ ಸರಿದಂತೆ ತೋರುತ್ತದೆ. ದೂರ ಸಾಮೀಪ್ಯಗಳನ್ನು ರೇಖಾಗಣಿತದಿಂದ ನಿರ್ಣಯಿಸುವ ಪರ್ಸ್‌ಪೆಕ್ಟಿವ್ ಎಂಬ ಕ್ರಮದ ಪ್ರಯೋಗವಿದು. ಇದನ್ನು ಮೊದಲು ತೋರಿಸಿಕೊಟ್ಟವನು ವಾಸ್ತುಶಿಲ್ಪಿ ಬ್ರುನೆಲ್ಲೆಸ್ಕಿ. ಮಂಟಪದ ಗೆರೆಗಳೆಲ್ಲ ನೋಡುವವನ ಕಣ್ಣಿನ ಮಟ್ಟದಲ್ಲಿರುವ ಒಂದು ಬಿಂದುವಿನತ್ತ ಓಡುತ್ತವೆ. ಹಸಿಗಾರೆಯಲ್ಲಿ ಗೀರಿದ ಆ ಗೆರೆಗಳು ಇಂದಿಗೂ ಗೋಚರಿಸುತ್ತವೆ. 16ನೆಯ ಶತಮಾನದಲ್ಲಿ ಹೊಸ ಬಲಿಪೀಠವೊಂದರ ಹಿಂದೆ ಮರೆಯಾದ ಈ ಚಿತ್ರ 1860ರ ಸುಮಾರಿಗೆ ಮತ್ತೆ ಬೆಳಕಿಗೆ ಬಂದಿತು. ಅದರ ಕೆಳಭಾಗದ ಅಸ್ಥಿಪಂಜರದ ಚಿತ್ರ ದೊರೆತದ್ದು 1952ರಲ್ಲಿ. ಈ ಭಾಗ ಸಿಕ್ಕಿದ ಮೇಲೆ ಚಿತ್ರದ ಅಭಿಪ್ರಾಯ ಪೂರ್ಣವಾಯಿತು: ಕೆಳಗೆ ಮರ್ತ್ಯದ ಅನಿತ್ಯತೆ, ಮೇಲೆ ಪರಲೋಕದ ಆಶ್ವಾಸನೆ.

ಇದಕ್ಕೆ ಕೇವಲ ನಾಲ್ಕು ವರ್ಷ ಹಿಂದೆ, 1423ರಲ್ಲಿ, ಅದೇ ನಗರದಲ್ಲಿ ಜೆಂತೀಲೆ ದ ಫಬ್ರಿಯಾನೊ ಧನಿಕ ಪಲ್ಲ ಸ್ತ್ರೊತ್ಸಿಗಾಗಿ ಬರೆದ ಜ್ಞಾನಿಗಳ ಆರಾಧನೆಯ ಫಲಕವು ಬಂಗಾರದಿಂದ ತುಂಬಿದೆ. ಕಿರೀಟಗಳೂ ಕುದುರೆಗಳ ಸಜ್ಜುಗಳೂ ಉಬ್ಬುಗೆಲಸದಲ್ಲಿವೆ. ಎರಡು ರೀತಿಗಳೂ ಒಂದೇ ಕಾಲದಲ್ಲಿ, ಒಂದೇ ಪೇಟೆಯಲ್ಲಿ ಸನ್ಮಾನ ಪಡೆದವು. ಹೊಸದು ಬಂದ ದಿನವೇ ಹಳೆಯದು ಅಳಿಯಿತೆಂಬ ಭಾವನೆ ಸರಿಯಲ್ಲ.

ಬ್ರಾಂಕಾಚ್ಚಿ ಪ್ರಾರ್ಥನಾಮಂದಿರದಲ್ಲಿ ಮಸಾಚ್ಚೊ ಬರೆದ ಇನ್ನೊಂದು ದೃಶ್ಯ ಮತ್ತೂ ಗಮನಾರ್ಹ. ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿ ಸಂತ ಪೇತ್ರನ ನೆರಳು ಬಿದ್ದ ಮಾತ್ರದಿಂದ ರೋಗಿಗಳು ಗುಣವಾಗುವ ಪ್ರಸಂಗವಿದೆ. ಚಿತ್ರದಲ್ಲಿ ಪೇತ್ರ ಅತ್ತಿತ್ತ ನೋಡದೆ ಬೀದಿಯಲ್ಲಿ ನಡೆಯುತ್ತಾನೆ. ಆತನ ನೆರಳು ಅಂಗವಿಕಲರ ಮೇಲೆ ಹಾಯುತ್ತದೆ. ಮಂದಿರದ ನಿಜವಾದ ಕಿಟಕಿ ಇರುವ ದಿಕ್ಕಿನಿಂದಲೇ ಚಿತ್ರದೊಳಗಿನ ಬೆಳಕೂ ಬರುತ್ತದೆ. ಬಂಗಾರದ ಹಿನ್ನೆಲೆಯಲ್ಲಿ ನೆರಳಿಗೆ ಎಡೆಯೇ ಇರಲಿಲ್ಲ. ಇಲ್ಲಿ ನೆರಳೇ ಪವಾಡದ ಸಾಧನ. ಲೋಕದ ಸಹಜ ಬೆಳಕನ್ನು ಅಭ್ಯಸಿಸದೆ ಈ ಧರ್ಮಕಥೆಯನ್ನು ಹೇಳುವುದೇ ಸಾಧ್ಯವಿರಲಿಲ್ಲ.

ಫ್ರಾ ಆಂಜೆಲಿಕೊ ಸ್ಯಾನ್ ಮಾರ್ಕೊ ವಿಹಾರದ ಸನ್ಯಾಸಿಗಳ ಕೋಣೆಗಳಲ್ಲಿ 1440ರ ಸುಮಾರಿಗೆ ಬರೆದ ಚಿತ್ರಗಳು ಈ ವಾದಕ್ಕೆ ಬೇರೊಂದು ಕಡೆಯಿಂದ ಪುಷ್ಟಿ ಕೊಡುತ್ತವೆ. ಬಂಗಾರದ ಫಲಕಗಳನ್ನು ಬರೆದ ಅದೇ ಕೈ ಇಲ್ಲಿ ಬರಿಯ ಗೋಡೆ, ಮಸುಕು ಬಣ್ಣ, ಒಂದೆರಡು ಆಕೃತಿ ಇಷ್ಟರಲ್ಲೇ ತೃಪ್ತಿ ಪಡೆಯಿತು. ಸಾರ್ವಜನಿಕ ವೇದಿಕೆಗೆ ಐಶ್ವರ್ಯ, ಅಪರಿಗ್ರಹಿಯ ಧ್ಯಾನಕ್ಕೆ ಸರಳತೆ ಎಂಬ ವಿವೇಕ ಇಲ್ಲಿ ಸ್ಪಷ್ಟವಾಗಿದೆ.

ತೈಲವರ್ಣ: ಒಂದು ದಂತಕಥೆ ಮತ್ತು ಒಂದು ಹಸ್ತಪ್ರತಿ

ತೈಲವರ್ಣದ ಉಗಮವನ್ನು ಕುರಿತ ಪ್ರಸಿದ್ಧ ಕಥೆಯನ್ನು ಪ್ರಚುರಪಡಿಸಿದವನು ವಸಾರಿ. 1550ರಲ್ಲಿ ಪ್ರಕಟವಾಗಿ 1568ರಲ್ಲಿ ಪರಿಷ್ಕೃತವಾದ ಆತನ ಚಿತ್ರಕಾರಚರಿತೆಯ ಪ್ರಕಾರ ಫ್ಲಾಂಡರ್ಸಿನ ಯಾನ್ ವಾನ್ ಐಕ್ ತೈಲವರ್ಣವನ್ನು ಕಂಡುಹಿಡಿದನು. ಸಿಸಿಲಿಯ ಆಂತೊನೆಲ್ಲೊ ಅವನಲ್ಲಿಗೆ ಹೋಗಿ ಗುಟ್ಟನ್ನು ಕಲಿತು ತಂದನು. ಆಂತೊನೆಲ್ಲೊವಿನಿಂದ ಕಲಿತ ದೊಮೆನಿಕೊ ವೆನೆತ್ಸಿಯಾನೊನನ್ನು ಆಂದ್ರೆಯ ದೆಲ್ ಕಸ್ತಾನ್ಯೊ ಅಸೂಯೆಯಿಂದ ಕೊಂದನು. ಕಾಲನಿರ್ಣಯದ ಮುಂದೆ ಈ ಕಥೆ ಉಳಿಯುವುದಿಲ್ಲ. ಯಾನ್ 1441ರಲ್ಲಿ ತೀರಿಕೊಂಡನು. ಆಂತೊನೆಲ್ಲೊ ಹುಟ್ಟಿದ್ದು ಸುಮಾರು 1430ರಲ್ಲಿ. ಕೊಲೆಗಾರನೆನಿಸಿದ ಆಂದ್ರೆಯ 1457ರಲ್ಲಿ ಸತ್ತರೆ, ಕೊಲೆಯಾದನೆನ್ನಲಾದ ದೊಮೆನಿಕೊ 1461ರವರೆಗೆ ಬದುಕಿದ್ದನು.

ಕಥೆಯ ಮೂಲಕ್ಕೇ ಪೆಟ್ಟು ಬಿದ್ದದ್ದು ಒಂದು ಹಸ್ತಪ್ರತಿಯಿಂದ. ಜರ್ಮನಿಯ ವೋಲ್ಫೆನ್‌ಬ್ಯೂಟೆಲ್ ಗ್ರಂಥಭಂಡಾರದ ಅಧಿಕಾರಿಯಾಗಿದ್ದ ನಾಟಕಕಾರ ಲೆಸ್ಸಿಂಗ್, ಅಲ್ಲಿದ್ದ ಥಿಯೊಫಿಲಸ್ ಎಂಬ 12ನೆಯ ಶತಮಾನದ ಸನ್ಯಾಸಿಯ ಕರಕುಶಲಗ್ರಂಥದ ಪ್ರತಿಯನ್ನು ಪರಿಶೀಲಿಸಿ, ಬಣ್ಣಗಳನ್ನು ಅಗಸೆ ಎಣ್ಣೆಯಲ್ಲಿ ಅರೆಯುವ ವಿಧಿ ಅದರಲ್ಲಿಯೇ ಇದೆಯೆಂದು 1774ರಲ್ಲಿ ಪ್ರಕಟಪಡಿಸಿದನು. ಒಂದು ಬಣ್ಣ ಒಣಗುವವರೆಗೆ ಇನ್ನೊಂದನ್ನು ಹಚ್ಚಲಾಗದ ವಿಳಂಬವನ್ನೂ ಥಿಯೊಫಿಲಸ್ ದೂರಿದ್ದಾನೆ. ಚೆನ್ನೀನಿಯೂ ಗೋಡೆ ಮತ್ತು ಹಲಗೆಗಳಿಗೆ ತೈಲವನ್ನು ಬಳಸುವ ಕ್ರಮವನ್ನು ಹೇಳಿ, ಅದು ಜರ್ಮನರಲ್ಲಿ ಹೆಚ್ಚು ರೂಢಿಯೆನ್ನುತ್ತಾನೆ. ಆದ್ದರಿಂದ ಯಾನ್ ತೈಲವನ್ನು ಕಂಡುಹಿಡಿದವನಲ್ಲ. ಅದರ ಸಾಮರ್ಥ್ಯವನ್ನು ಪರಾಕಾಷ್ಠೆಗೆ ಕೊಂಡೊಯ್ದವನು.

ಆ ಸಾಮರ್ಥ್ಯವಾದರೂ ಯಾವುದು? ಅಗಸೆ ಎಣ್ಣೆ ಆವಿಯಾಗಿ ಒಣಗುವುದಿಲ್ಲ. ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾದ ಪಾರದರ್ಶಕ ಪೊರೆಯಾಗುತ್ತದೆ. ಹೀಗಾಗಿ ತೆಳುವಾದ ಬಣ್ಣದ ಪದರಗಳನ್ನು ಒಂದರ ಮೇಲೊಂದು ಹಾಸಬಹುದು. ಬೆಳಕು ಆ ಪದರಗಳನ್ನು ಹಾದು ಕೆಳಗಿನ ಬಿಳಿಯ ಲೇಪವನ್ನು ಮುಟ್ಟಿ ಹಿಂದಿರುಗುತ್ತದೆ. ಉಜ್ಜಿದ ಬಂಗಾರ ಹೊರಗಿನ ಬೆಳಕನ್ನು ಪ್ರತಿಫಲಿಸಿದರೆ, ತೈಲವರ್ಣ ಬೆಳಕನ್ನು ಒಳಗೆ ತೆಗೆದುಕೊಂಡು ಮರಳಿಸುತ್ತದೆ.

ಗೆಂಟ್ ನಗರದ ಸಂತ ಬಾವೊ ದೇವಾಲಯದಲ್ಲಿರುವ ಮಹಾಫಲಕವೇ ಇದರ ನಿದರ್ಶನ. ಅದರ ಚೌಕಟ್ಟಿನ ಮೇಲಣ ಲ್ಯಾಟಿನ್ ಪದ್ಯವು ಹ್ಯೂಬರ್ಟ್ ಎಂಬ ಅಣ್ಣ ಆರಂಭಿಸಿದ್ದನ್ನು ತಮ್ಮನಾದ ಯಾನ್ ಪೂರೈಸಿದನೆಂದು ತಿಳಿಸುತ್ತದೆ. ಕೊನೆಯ ಪಾದದ ಕೆಲವು ಅಕ್ಷರಗಳನ್ನು ರೋಮನ್ ಸಂಖ್ಯೆಗಳಾಗಿ ಕೂಡಿದರೆ 1432 ಎಂಬ ವರ್ಷ ಹೊರಡುತ್ತದೆ. ಅಕ್ಷರಗಳಲ್ಲಿ ಕಾಲವನ್ನು ಅಡಗಿಸುವ ಈ ಚಮತ್ಕಾರ ಕಟಪಯಾದಿ ಪದ್ಧತಿಯನ್ನು ಬಲ್ಲವರಿಗೆ ಸುಲಭವಾಗಿ ಅರ್ಥವಾಗುತ್ತದೆ. 2012ರಲ್ಲಿ ಆರಂಭವಾದ ಸಂರಕ್ಷಣಾಕಾರ್ಯದಲ್ಲಿ ಫಲಕದ ಬಹುಭಾಗವನ್ನು 16ನೆಯ ಶತಮಾನದ ಹೊರಲೇಪ ಮುಚ್ಚಿತ್ತೆಂಬುದು ಸ್ಥಿರಪಟ್ಟಿತು. ಮಧ್ಯದಲ್ಲಿರುವ ಪವಿತ್ರ ಕುರಿಮರಿಯ ಮುಖದ ಮೇಲಣ ಲೇಪವನ್ನು ತೆಗೆದಾಗ ಅಡಿಯಲ್ಲಿ, ನೋಡುವವನನ್ನು ನೇರವಾಗಿ ದಿಟ್ಟಿಸುವ, ತೀಕ್ಷ್ಣವಾದ ಮೂಲಮುಖವು 2019ರ ವೇಳೆಗೆ ಪ್ರಕಟವಾಯಿತು. ಸುಮಾರು ನಾಲ್ಕೂವರೆ ಶತಮಾನಗಳ ಕಾಲ ಲೋಕವು ಮೂಲಪಾಠವೆಂದು ನಂಬಿದ್ದದ್ದು ಪ್ರಕ್ಷಿಪ್ತವಾಗಿತ್ತು.

ಇಟಲಿಗೆ ತೈಲದ ರೀತಿ ಹಲವು ದಾರಿಗಳಿಂದ ಬಂದಿತು. 1475ರಲ್ಲಿ ಆಂತೊನೆಲ್ಲೊ ವೆನಿಸಿಗೆ ಬಂದು ಕೆಲಸ ಮಾಡಿದನು. 1483ರಲ್ಲಿ ಹ್ಯೂಗೊ ವಾನ್ ಡರ್ ಗೂಸ್ ಬರೆದ ಪೋರ್ತಿನಾರಿ ಫಲಕ ಫ್ಲಾಂಡರ್ಸಿನಿಂದ ಫ್ಲಾರೆನ್ಸಿಗೆ ತಲಪಿತು. ಅದರ ಕುರುಬರ ಒರಟು ಮುಖಗಳ ಪ್ರಭಾವವನ್ನು ಗಿರ್ಲಾಂದಾಯೊ ಕೆಲವೇ ವರ್ಷಗಳಲ್ಲಿ ಸ್ವೀಕರಿಸಿದನು. ವೆನಿಸಿನ ಜೊವಾನ್ನಿ ಬೆಲ್ಲೀನಿ ಟೆಂಪೆರಾದಲ್ಲಿ ಆರಂಭಿಸಿ ತೈಲದಲ್ಲಿ ಸಿದ್ಧಿ ಪಡೆದವನು. ಆತನ ಸ್ಯಾನ್ ಜೊಬ್ಬೆ ಫಲಕದಲ್ಲಿ ಮರಿಯಮ್ಮನ ಮೇಲೆ ಬಂಗಾರದ ಹರಳುಗೆಲಸದ ಗೂಡುಕಮಾನಿದೆ. ಆದರೆ ಅದು ಅಂಟಿಸಿದ ಬಂಗಾರವಲ್ಲ; ಕಂದು ಹಳದಿ ಬಣ್ಣಗಳಿಂದ ಬರೆದ ಬಂಗಾರ. ಆಲ್ಬೆರ್ತಿಯ ಸೂತ್ರ ಇಲ್ಲಿ ಭಕ್ತಿಯ ಸೇವೆಗೆ ನಿಂತಿದೆ. ವೆನಿಸಿನ ಉಪ್ಪುಗಾಳಿ ಮತ್ತು ತೇವದಲ್ಲಿ ಭಿತ್ತಿಚಿತ್ರಗಳು ಬೇಗ ಕೆಡುತ್ತಿದ್ದುದರಿಂದ ಅಲ್ಲಿ ಬಟ್ಟೆಯ ಮೇಲೆ ತೈಲದಲ್ಲಿ ಬರೆಯುವ ಪದ್ಧತಿ ಬಹುಬೇಗ ನೆಲೆಗೊಂಡಿತು.

ಎಲ್ಲ ಪ್ರಯೋಗಗಳೂ ಫಲಿಸಲಿಲ್ಲ. ಲಿಯೊನಾರ್ದೊ ಮಿಲಾನಿನಲ್ಲಿ ಸುಮಾರು 1495ರಿಂದ 1498ರವರೆಗೆ ಅಂತಿಮ ಭೋಜನವನ್ನು ಬರೆಯುವಾಗ, ಹಸಿಗಾರೆಯ ಅವಸರವನ್ನು ತಪ್ಪಿಸಿ, ನಿಧಾನವಾಗಿ ತಿದ್ದಿತೀಡುವ ಅಪೇಕ್ಷೆಯಿಂದ ಒಣಗೋಡೆಯನ್ನು ಆರಿಸಿಕೊಂಡನು. ಆತನು ಬದುಕಿದ್ದಾಗಲೇ, 1517ರ ಹೊತ್ತಿಗೆ, ಚಿತ್ರ ಹಾಳಾಗುತ್ತಿರುವುದನ್ನು ಪ್ರವಾಸಿಯೊಬ್ಬನು ದಾಖಲಿಸಿದನು. 1978ರಿಂದ 1999ರವರೆಗೆ ನಡೆದ ಸಂರಕ್ಷಣೆಯ ಬಳಿಕ ಉಳಿದಿರುವ ಮೂಲಭಾಗ ಅತ್ಯಲ್ಪ.

ಪ್ರಭಾವಲಯ ಮತ್ತು ಚಿತ್ರಿತ ಗ್ರಂಥಗಳು

ಪ್ರಭಾವಲಯ ಒಂದರ ಚರಿತ್ರೆಯನ್ನೇ ಹಿಂಬಾಲಿಸಿದರೂ ಇಡೀ ಪರಿವರ್ತನೆಯನ್ನು ಸಂಕ್ಷೇಪವಾಗಿ ಕಾಣಬಹುದು. ಆದಿಯಲ್ಲಿ ಅದು ಬಂಗಾರದ ಬಿಲ್ಲೆ. ಮಸಾಚ್ಚೊ ಅದನ್ನು ತಲೆಯ ಮೇಲಣ ತಟ್ಟೆಯಂತೆ ಓರೆಯಾಗಿ ಬರೆದನು. ಮುಂದೆ ರಫಾಯೆಲನ ಕಾಲಕ್ಕೆ ಅದು ಎಳೆಯಷ್ಟು ತೆಳುವಾದ ಉಂಗುರವಾಯಿತು. ಲಿಯೊನಾರ್ದೊವಿನ ಅಂತಿಮ ಭೋಜನದಲ್ಲಿ ಕ್ರಿಸ್ತನ ಹಿಂದಿನ ಕಿಟಕಿಯ ಬೆಳಕೇ ಆ ಸ್ಥಾನವನ್ನು ವಹಿಸಿತು.

ಗ್ರಂಥಚಿತ್ರಗಳಲ್ಲಿಯೂ ಇದೇ ಹಾದಿ. ಫೆರಾರದ ಪ್ರಭು ಬೊರ್ಸೊ ದೆಸ್ತೆಗಾಗಿ 1455ರಿಂದ 1461ರವರೆಗೆ ತದ್ದೆಯೊ ಕ್ರಿವೆಲ್ಲಿ ಮೊದಲಾದವರು ಚರ್ಮಪತ್ರದ ಮೇಲೆ ಚಿತ್ರಿಸಿದ ಎರಡು ಸಂಪುಟಗಳ ಬೈಬಲ್ ಇಂದು ಮೊದೆನದಲ್ಲಿದೆ. ಅದೇ 1455ರ ಸುಮಾರಿಗೆ ಮೈಂಟ್ಸಿನಲ್ಲಿ ಗುಟೆನ್‌ಬರ್ಗನ ಅಚ್ಚಿನ ಬೈಬಲ್ ಸಿದ್ಧವಾಯಿತು. ಆರಂಭದ ಅಚ್ಚಿನ ಪ್ರತಿಗಳಲ್ಲಿ ದೊಡ್ಡ ಅಕ್ಷರಗಳ ಸ್ಥಳವನ್ನು ಖಾಲಿ ಬಿಟ್ಟು, ಕೈಯಿಂದ ಬಣ್ಣ ತುಂಬಿಸುತ್ತಿದ್ದರು. ಫ್ಲಾಂಡರ್ಸಿನಲ್ಲಿ ಸುಮಾರು 1477ರಲ್ಲಿ ಚಿತ್ರಿತವಾದ ಬರ್ಗಂಡಿಯ ಮೇರಿಯ ಪ್ರಾರ್ಥನಾಗ್ರಂಥವು ವಿಯೆನ್ನಾದಲ್ಲಿದೆ. ಅದರ ಒಂದು ಪುಟದಲ್ಲಿ ಕುಲೀನ ಸ್ತ್ರೀಯೊಬ್ಬಳು ಕಿಟಕಿಯ ಬಳಿ ಗ್ರಂಥ ಓದುತ್ತಿದ್ದಾಳೆ. ಕಿಟಕಿಯ ಆಚೆ ದೇವಾಲಯದಲ್ಲಿ ಮರಿಯಮ್ಮ ಶಿಶುವಿನೊಡನೆ ಕುಳಿತಿದ್ದಾಳೆ. ಪುಟವೇ ಕಿಟಕಿಯಾಯಿತು. ಇದೇ ಕಾಲದ ಗೆಂಟ್ ಮತ್ತು ಬ್ರೂಜ್ ನಗರಗಳ ಗ್ರಂಥಗಳಲ್ಲಿ ಅಂಚಿನ ಬಂಗಾರಬಣ್ಣದ ಮೇಲೆ ಹೂವುಗಳೂ ಕೀಟಗಳೂ ತಮ್ಮ ನೆರಳನ್ನು ಬೀಳಿಸುತ್ತವೆ. ಬಂಗಾರ ಇಲ್ಲಿ ದಿವ್ಯಲೋಕದ ಆಕಾಶವಲ್ಲ. ವಸ್ತುಗಳನ್ನು ಇರಿಸಿದ ಮೇಜಿನ ಹಲಗೆ.

ಭಕ್ತಿಯೋ ಕೌಶಲವೋ ಎಂಬ ವಿವಾದ

ಈ ಪರಿವರ್ತನೆ ನಿರ್ವಿವಾದವಾಗಿ ನಡೆಯಲಿಲ್ಲ. ಸ್ಯಾನ್ ಮಾರ್ಕೊ ವಿಹಾರದ ಮುಖ್ಯಸ್ಥನಾಗಿದ್ದ ಸವೊನರೋಲ, ಚಿತ್ರಕಾರರು ದೇವಮಾತೆಯನ್ನು ವಿಲಾಸಿನಿಯಂತೆ ಅಲಂಕರಿಸುತ್ತಾರೆಂದು ಉಪದೇಶಗಳಲ್ಲಿ ಗುಡುಗಿದನು; 1497ರ ಫೆಬ್ರವರಿಯಲ್ಲಿ ಫ್ಲಾರೆನ್ಸಿನ ಚೌಕದಲ್ಲಿ ವಿಲಾಸವಸ್ತುಗಳ ರಾಶಿಗೆ ಬೆಂಕಿ ಇಟ್ಟಾಗ ಚಿತ್ರಗಳೂ ಅದರಲ್ಲಿ ಸೇರಿದ್ದವು. ಇನ್ನೊಂದೆಡೆ, ಮೈಕೆಲಾಂಜೆಲೊ 1512ರಲ್ಲಿ ಸಿಸ್ಟೈನ್ ಮಂದಿರದ ಛಾವಣಿಯನ್ನು ಮುಗಿಸಿದಾಗ ಬಂಗಾರದ ಮೆರುಗು ಸಾಲದೆಂದು ಪೋಪ್ ಜೂಲಿಯಸ್ ಆಕ್ಷೇಪಿಸಿದನೆಂದೂ, ಚಿತ್ರಿತರಾದ ಆ ಪುಣ್ಯಪುರುಷರು ಐಶ್ವರ್ಯವನ್ನು ತೊರೆದವರೆಂದು ಚಿತ್ರಕಾರನು ಉತ್ತರಿಸಿದನೆಂದೂ ವಸಾರಿ ಬರೆಯುತ್ತಾನೆ. ಮಾತು ನಡೆದದ್ದು ಹೀಗೆಯೋ ಅಲ್ಲವೋ, ಕಾಲದ ಮನೋಧರ್ಮಕ್ಕೆ ಇದು ಕನ್ನಡಿ: ದ್ರವ್ಯದ ಅಭಾವವನ್ನೇ ವೈರಾಗ್ಯದ ಲಕ್ಷಣವೆಂದು ಸಮರ್ಥಿಸುವುದು ಅಷ್ಟರಲ್ಲಿ ಸಾಧ್ಯವಾಗಿತ್ತು.

1563ರ ಡಿಸೆಂಬರಿನಲ್ಲಿ ಟ್ರೆಂಟ್ ಮಹಾಸಭೆಯು ಚಿತ್ರಗಳನ್ನು ನಿಷೇಧಿಸದೆ ಎತ್ತಿಹಿಡಿಯಿತು. ಕಾಮಪ್ರಚೋದಕವಾದ ಸೌಂದರ್ಯ ಸಲ್ಲದೆಂದೂ, ಅಪೂರ್ವವಾದ ಆಕೃತಿಗಳಿಗೆ ಧರ್ಮಾಧ್ಯಕ್ಷನ ಒಪ್ಪಿಗೆ ಬೇಕೆಂದೂ ವಿಧಿಸಿತು. ಮೈಕೆಲಾಂಜೆಲೊವಿನ ಅಂತಿಮ ತೀರ್ಪಿನ ಕೆಲವು ನಗ್ನ ಆಕೃತಿಗಳಿಗೆ 1565ರಲ್ಲಿ ದಾನಿಯೇಲೆ ದ ವೊಲ್ತೆರ್ರ ವಸ್ತ್ರ ಬರೆದನು. 1573ರ ಜುಲೈ 18ರಂದು ವೆನಿಸಿನ ಧರ್ಮವಿಚಾರಣಾ ಮಂಡಲಿಯು ವೆರೊನೇಸೆಯನ್ನು ಕರೆಯಿಸಿ, ಅಂತಿಮ ಭೋಜನದ ಚಿತ್ರದಲ್ಲಿ ವಿದೂಷಕರೂ ಆಯುಧಪಾಣಿಗಳೂ ಏಕೆಂದು ಪ್ರಶ್ನಿಸಿತು. ವಿಚಾರಣೆಯ ನಡಾವಳಿ ಉಳಿದುಬಂದಿದೆ. ಚಿತ್ರವನ್ನು ತಿದ್ದಬೇಕೆಂದು ತೀರ್ಪಾಯಿತು. ಚಿತ್ರಕಾರನು ಆಕೃತಿಗಳನ್ನು ಹಾಗೆಯೇ ಉಳಿಸಿ ಶೀರ್ಷಿಕೆಯನ್ನು ಬದಲಿಸಿದನು. ಅಂತಿಮ ಭೋಜನವು ಲೇವಿಯ ಮನೆಯ ಔತಣವಾಯಿತು. ಹೆಸರನ್ನು ಮಾತ್ರ ಓದುವವನು ಚಿತ್ರದ ಮೂಲ ಉದ್ದೇಶವನ್ನು ತಿಳಿಯಲಾರನು. ನಡಾವಳಿಯನ್ನು ಓದಿದವನಿಗೆ ಮಾತ್ರ ಅದು ಲಭ್ಯ.

ಉಪಸಂಹಾರ

ಮೇಲಣ ಸಾಕ್ಷ್ಯಗಳಿಂದ ಮೂರು ಸಂಗತಿಗಳು ಸಿದ್ಧವಾಗುತ್ತವೆ. ಮೊದಲನೆಯದಾಗಿ, ಶೈಲಿಯ ಬದಲಾವಣೆ ತಂತ್ರದ ಬದಲಾವಣೆಯೊಡನೆ ಹೆಣೆದುಕೊಂಡಿದೆ. ಟೆಂಪೆರಾದ ರೇಖೆ, ಹಸಿಗಾರೆಯ ದಿನಗೆಲಸ, ತೈಲದ ಪದರ ಇವುಗಳನ್ನು ಬಿಟ್ಟು ಶೈಲಿಯನ್ನು ವಿವರಿಸಲಾಗದು. ಎರಡನೆಯದಾಗಿ, ಬಂಗಾರವನ್ನು ಬಿಟ್ಟದ್ದು ಭಕ್ತಿಯನ್ನು ಬಿಟ್ಟದ್ದಲ್ಲ. ಕಾಣಿಕೆಯು ದ್ರವ್ಯದಿಂದ ಪರಿಶ್ರಮಕ್ಕೂ ಅವಲೋಕನಕ್ಕೂ ಸ್ಥಳಾಂತರಗೊಂಡಿತು, ಮತ್ತು ಈ ಸ್ಥಳಾಂತರದಲ್ಲಿ ಸನ್ಯಾಸಿಗಳು, ಧರ್ಮಾಧಿಕಾರಿಗಳು, ಶ್ರೇಣಿಗಳು, ಚಿತ್ರಕಾರರು ಎಲ್ಲರೂ ಪಾಲುಗಾರರು. ಮೂರನೆಯದಾಗಿ, ಈ ಇತಿಹಾಸದ ಪ್ರಸಿದ್ಧ ಕಥೆಗಳಲ್ಲಿ ಸೆರೆಮನೆಯ ವೃದ್ಧ, ತೈಲದ ಗುಟ್ಟು, ಅಸೂಯೆಯ ಕೊಲೆ, ಕುರಿಮರಿಯ ಸೌಮ್ಯ ಮುಖ ಇವೆಲ್ಲವೂ ಅಂತ್ಯವಾಕ್ಯ, ತೇದಿ, ಪ್ರತಿ ಮತ್ತು ಪದರಗಳ ಪರೀಕ್ಷೆಗೆ ಒಳಗಾದಾಗ ಕಳಚಿಬಿದ್ದವು. ಚಿತ್ರವನ್ನು ಓದುವುದಕ್ಕೆ ಕಣ್ಣು ಬೇಕು. ಅದರ ಕಾಲವನ್ನೂ ಉದ್ದೇಶವನ್ನೂ ನಿರ್ಣಯಿಸುವುದಕ್ಕೆ, ಸ್ಟಿಂಕೆಯ ಸೆರೆಯಲ್ಲಿ ಕುಳಿತು ನಕಲು ಮಾಡಿದ ಆ ಅಜ್ಞಾತ ಲಿಪಿಕಾರನಂತಹವರು ಉಳಿಸಿಕೊಟ್ಟ ಬರಹಗಳು ಬೇಕು.